ಸತ್ತ ಟ್ಯೂಬ್‌ಲೈಟಿಗೆ ಯಾರು ದಿಕ್ಕು?

ಹಳೆಯದಾದ ಪ್ರತಿಯೊಂದು ಸಾಮಾನಿಗೂ ನಮ್ಮ ಮನೆಗಳಲ್ಲಿ ಒಂದು ಗತಿ ಗೊತ್ತಾಗಿರುತ್ತದೆ. ಪತ್ರಿಕೆ ರದ್ದಿಗೆ, ತೂತು ಬಿದ್ದ ಪಾತ್ರೆ ಗುಜರಿಗೆ, ಹಳೆ ಸೀರೆ ಬಕೆಟ್ ಕೊಡುವವಳಿಗೆ, ಕೆಟ್ಟ ಮಿಕ್ಸಿ ಎಕ್ಸ್‌ಚೇಂಜಿಗೆ. ಉರಿದು ಮುಗಿದ ಟ್ಯೂಬ್‌ಲೈಟಿಗೆ ಮಾತ್ರ ಇಂಥ ಗತಿ ಇಲ್ಲ. ಅದು ಬೀರುವಿನ ಸಂದಿಯಲ್ಲೋ ಬಾಗಿಲ ಹಿಂದೆಯೋ ಒರಗಿಕೊಂಡು ಹಬ್ಬದ ಕ್ಲೀನಿಂಗಿಗೆ ಕಾಯುತ್ತದೆ. ಆಗ ಮನೆಯ ಯಾರೋ ಒಬ್ಬರು ಅದನ್ನು ಕೊಂಡೊಯ್ದು ಬೀದಿ ಕೊನೆಯ ಕರೆಂಟ್ ಕಂಬಕ್ಕೆ ಆನಿಸಿ, ಯಾರೂ ನೋಡಲಿಲ್ಲವೆಂದು ಖಾತ್ರಿ ಮಾಡಿಕೊಂಡು ವಾಪಸ್ಸು ಬರುತ್ತಾರೆ. ಗುಜರಿಯವರಿಗೆ ಕೊಡೋಣವೆಂದರೆ ಅವರ ಲೆಕ್ಕಾಚಾರ ಬೇರೆ. ತಗಡಿನ ಪಟ್ಟಿ ತೂಕಕ್ಕೆ ಹೋಗುತ್ತದೆ, ಬೇಕು. ಹಳೆ ಕಾಲದ ಭಾರದ ಚೋಕಿನೊಳಗೆ ತಾಮ್ರದ ತಂತಿ ಸುತ್ತಿರುತ್ತದೆ, ಅದಂತೂ ಬೇಕೇ ಬೇಕು. ಟ್ಯೂಬ್ ಬೇಡ. ಬಲವಂತ ಮಾಡಿದರೆ ಎರಡು ತುದಿಯ ಅಲ್ಯೂಮಿನಿಯಂ ಟೋಪಿಗಳನ್ನು ತಿರುಚಿ ಕಿತ್ತುಕೊಂಡು ಗಾಜನ್ನು ಮೂಲೆಗೆ ಎಸೆಯುತ್ತಾರೆ. ಹಳೆ ಮೊಬೈಲು, ಕಂಪ್ಯೂಟರುಗಳು ಯಾವ ಕಾನೂನಿಗೂ ಕಾಯದೆ ಕೈಯಿಂದ ಕೈಗೆ ಸಾಗಿ ಕರಗಿಸುವವನವರೆಗೆ ತಲುಪುವುದು ಅವುಗಳಲ್ಲಿ ತಾಮ್ರ, ಬಂಗಾರದ ಅಂಶ ಇರುವುದರಿಂದ. ಟ್ಯೂಬ್‌ಲೈಟಿನಲ್ಲಿ ಯಾರಿಗೂ ಲಾಭ ತರುವಂಥದ್ದು ಏನೂ ಇಲ್ಲ. ಇರುವುದು ಪಾದರಸ, ಅದೂ ತೂಗಿ ಮಾರುವಷ್ಟಲ್ಲ, ಕೆಡುಕು ಮಾಡುವಷ್ಟು. ಟ್ಯೂಬ್‌ಲೈಟಿನ ವಿಲೇವಾರಿಯ ಕಗ್ಗಂಟೆಲ್ಲ ಇಲ್ಲಿಂದಲೇ ಹುಟ್ಟುತ್ತದೆ ಎಂಬುದು ನನ್ನ ಎಣಿಕೆ. ಜನರಿಗೆ ಅರಿವು ಮೂಡಿಸಬೇಕು ಎಂದು ಭಿತ್ತಿಪತ್ರ ಅಂಟಿಸುವುದರಿಂದ ಇದು ಬಿಚ್ಚಿಕೊಳ್ಳುವುದಿಲ್ಲ. ಬೆಲೆಯಿಲ್ಲದ ಅಪಾಯಕ್ಕೆ ಹಿಂದಿರುಗುವ ದಾರಿಯನ್ನು ಯಾರಾದರೂ ದುಡ್ಡು ಹಾಕಿ ಮಾಡಿಕೊಡಬೇಕು.

ಟ್ಯೂಬಿನೊಳಗೆ ಇರುವುದು ಏನೆಂದು ಮೊದಲು ನೋಡೋಣ. ಗಾಳಿ ಹೀರಿ ತೆಗೆದ ಗಾಜಿನ ಕೊಳವೆ, ಅದರಲ್ಲಿ ಸ್ವಲ್ಪ ಆರ್ಗಾನ್ ಅನಿಲ, ಎರಡು ತುದಿಗೆ ಟಂಗ್‌ಸ್ಟನ್ ತಂತಿ, ಒಂದು ಹನಿಗಿಂತಲೂ ಕಡಿಮೆ ಪಾದರಸ. ವಿದ್ಯುತ್ ಹರಿದಾಗ ಆವಿಯಾದ ಪಾದರಸ ಕೆರಳಿ ಅತಿನೇರಳೆ ಕಿರಣ ಹೊಮ್ಮಿಸುತ್ತದೆ. ಅದು ಕಣ್ಣಿಗೆ ಕಾಣದ ಬೆಳಕು. ಗಾಜಿನ ಒಳಮೈಗೆ ಬಳಿದಿರುವ ಫಾಸ್ಫರ್ ಪುಡಿ ಅದನ್ನು ನುಂಗಿ ನಾವು ಓದಲು ಬರೆಯಲು ಬಳಸುವ ಬಿಳಿ ಬೆಳಕನ್ನು ಉಗುಳುತ್ತದೆ. 1938ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ದಿನದಿಂದ ಈ ಉಪಾಯ ಬದಲಾಗಿಲ್ಲ. ಮುಂದೆ ಬಂದ ಸಿಎಫ್‌ಎಲ್ ಕೂಡ ಮಡಚಿ ಸುರುಳಿ ಸುತ್ತಿದ ಟ್ಯೂಬ್‌ಲೈಟೇ. ಪಾದರಸವಿಲ್ಲದೆ ಈ ದೀಪ ಉರಿಯಲಾರದು. ಸಿಎಫ್‌ಎಲ್‌ನಲ್ಲಿ ಸುಮಾರು 3ರಿಂದ 5 ಮಿಲಿಗ್ರಾಂ ಇದ್ದರೆ ಹಳೆಯ ದಪ್ಪ ಟ್ಯೂಬುಗಳಲ್ಲಿ ಅದರ ಹಲವು ಪಟ್ಟು ಇರುತ್ತದೆ. ಬಹಳ ಜನ ತಪ್ಪು ತಿಳಿಯುವ ಸಂಗತಿ ಒಂದಿದೆ. ಒಡೆದ ಟ್ಯೂಬಿನಿಂದ ಬೆಳ್ಳಿಯ ಗುಂಡುಗಳು ಉರುಳಿ ಬರುವುದಿಲ್ಲ. ಸಾವಿರಾರು ಗಂಟೆ ಉರಿಯುವಷ್ಟರಲ್ಲಿ ಪಾದರಸದ ಬಹುಪಾಲು ಆ ಬಿಳಿ ಪುಡಿಯೊಳಗೆ, ಒಂದಿಷ್ಟು ಗಾಜಿನೊಳಗೇ ಸೇರಿಕೊಂಡಿರುತ್ತದೆ. ನೆಲದ ಮೇಲೆ ಬಿದ್ದು ನಮಗೆ ಬರೀ ಸುಣ್ಣದ ಧೂಳಿನಂತೆ ಕಾಣುವ ಪುಡಿಯೇ ಅಪಾಯದ ಮನೆ.

ಇಷ್ಟು ಸಣ್ಣ ಪ್ರಮಾಣಕ್ಕೆ ಇಷ್ಟು ಗಲಾಟೆಯೇ ಎಂಬ ಆಕ್ಷೇಪ ನ್ಯಾಯವಾದದ್ದು. ನಮ್ಮ ಹಿರಿಯರ ಕಂಕುಳಲ್ಲಿ ಇಟ್ಟು ಜ್ವರ ನೋಡುತ್ತಿದ್ದ ಗಾಜಿನ ಥರ್ಮಾಮೀಟರಿನಲ್ಲಿ ಅರ್ಧ ಗ್ರಾಮಿನಷ್ಟು ಪಾದರಸ ಇರುತ್ತಿತ್ತು. ನೂರು ಸಿಎಫ್‌ಎಲ್ ಸೇರಿದರೆ ಹೆಚ್ಚುಕಡಿಮೆ ಅದಕ್ಕೆ ಸಮ. ಹಾಗಾಗಿ ಲೆಕ್ಕ ಹಾಕಿಯೇ ನೋಡುವುದು ಒಳ್ಳೆಯದು. ಅಮೆರಿಕದ ನ್ಯೂಜೆರ್ಸಿಯಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಕಡಿಮೆ ಪಾದರಸದ ದೀಪ ಒಡೆದ ಮೇಲೆ ಎರಡು ವಾರದಲ್ಲಿ ಅದರೊಳಗಿನ ಪಾದರಸದ ಶೇ 17ರಿಂದ 40ರಷ್ಟು ಗಾಳಿಗೆ ಸೇರುತ್ತದೆ, ಹಾಗೆ ಸೇರುವುದರಲ್ಲಿ ಮೂರನೇ ಒಂದು ಭಾಗ ಮೊದಲ 8 ಗಂಟೆಯಲ್ಲೇ ಹೊರಬೀಳುತ್ತದೆ. ಬಿಸಿ ಹೆಚ್ಚಿದಷ್ಟೂ ಆವಿಯೂ ಹೆಚ್ಚು, ಅಂದರೆ ಕಲಬುರಗಿಯ ಮೇ ತಿಂಗಳಿನಲ್ಲಿ ಪರಿಣಾಮ ಇನ್ನೂ ಚುರುಕು. ಹತ್ತಡಿ ಉದ್ದ, ಅಗಲ, ಎತ್ತರದ ಕೋಣೆಯಲ್ಲಿ 4 ಮಿಲಿಗ್ರಾಂ ಪಾದರಸದ ಸಿಎಫ್‌ಎಲ್ ಒಡೆದು, ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿದ್ದರೆ, ಆ ಎಂಟು ಗಂಟೆಯ ಕೊನೆಗೆ ಒಂದು ಘನ ಮೀಟರ್ ಗಾಳಿಯಲ್ಲಿ 8ರಿಂದ 19 ಮೈಕ್ರೊಗ್ರಾಂ ಪಾದರಸ ತುಂಬಬಹುದು. ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವ ವಾರ್ಷಿಕ ಸರಾಸರಿಯ ಮಿತಿ 1 ಮೈಕ್ರೊಗ್ರಾಂ. ಕೇಳಿದರೆ ಗಾಬರಿಯಾಗುತ್ತದೆ. ಆದರೆ ಮಿತಿ ಇರುವುದು ಇಡೀ ವರ್ಷದ ಉಸಿರಾಟಕ್ಕೆ, ಲೆಕ್ಕ ಇರುವುದು ಒಂದು ಮುಚ್ಚಿದ ರಾತ್ರಿಗೆ. ಕಿಟಕಿ ತೆರೆದರೆ ಅಂಕಿ ಸರ್ರನೆ ಇಳಿಯುತ್ತದೆ. ಆದ್ದರಿಂದ ಮನೆಯಲ್ಲಿ ಒಂದು ಬಲ್ಬ್ ಒಡೆದರೆ ಆಸ್ಪತ್ರೆಗೆ ಓಡಬೇಕಾಗಿಲ್ಲ ಎನ್ನುವವರ ಮಾತನ್ನು ನಾನು ಒಪ್ಪುತ್ತೇನೆ. ಕೋಣೆಯಲ್ಲಿ ತೊಟ್ಟಿಲ ಮಗುವೋ ಬಸುರಿ ಹೆಂಗಸೋ ಇದ್ದರೆ ಮಾತ್ರ ಅಷ್ಟು ಸಲೀಸಾಗಿ ಒಪ್ಪಲಾರೆ, ಏಕೆಂದರೆ ಉಸಿರಿನೊಂದಿಗೆ ಒಳಹೋದ ಪಾದರಸದ ಆವಿಯಲ್ಲಿ ಹೆಚ್ಚಿನ ಪಾಲು ರಕ್ತಕ್ಕೆ ಇಳಿಯುತ್ತದೆ, ಅಲ್ಲಿಂದ ಹೊಕ್ಕುಳಬಳ್ಳಿಯ ದಾರಿಯಲ್ಲಿ ಮಗುವನ್ನೂ ಮುಟ್ಟುತ್ತದೆ.

ಆದರೆ ವಾರ್ಷಿಕ ಸರಾಸರಿ ಎಂಬ ಆ ಮಾತು ಇನ್ನು ಕೆಲವರಿಗೆ ಅಕ್ಷರಶಃ ಅನ್ವಯಿಸುತ್ತದೆ. ಕಸದ ಆಟೋದ ಹಿಂದೆ ನಿಂತು ಬರಿಗೈಯಲ್ಲಿ ಹಸಿ ಒಣ ಬೇರ್ಪಡಿಸುವ ಪೌರಕಾರ್ಮಿಕರು, ಒಣತ್ಯಾಜ್ಯ ಕೇಂದ್ರದ ತಗಡಿನ ಚಾವಣಿಯಡಿ ರಾಶಿಯ ನಡುವೆ ಕುಕ್ಕರಗಾಲಲ್ಲಿ ಕೂತ ಹೆಂಗಸರು, ಗುಜರಿ ಶೆಡ್ಡಿನಲ್ಲೇ ಮಲಗುವ ಹುಡುಗರು. ಸಾವಿರ ಮನೆಗಳಲ್ಲಿ ವರ್ಷಕ್ಕೊಂದರಂತೆ ಒಡೆಯುವುದು ಇವರ ಬಳಿ ದಿನವೂ ಒಡೆಯುತ್ತದೆ. ಕಿಟಕಿ ತೆರೆಯಿರಿ ಎಂಬ ಉಪದೇಶ ಅಲ್ಲಿ ನಡೆಯದು. ಪುಡಿ ಅವರ ಬಟ್ಟೆಯ ಮೇಲೆ, ಉಗುರಿನ ಸಂದಿಯಲ್ಲಿ, ಮಧ್ಯಾಹ್ನದ ಊಟದ ಡಬ್ಬಿಯ ಮುಚ್ಚಳದ ಮೇಲೆ ಇರುತ್ತದೆ. ಕೈ ನಡುಕ, ವಸಡು ಬಾತುಕೊಳ್ಳುವುದು, ಮರೆವು, ಕಾರಣವಿಲ್ಲದ ಸಿಡುಕು, ಮೂತ್ರಪಿಂಡದ ತೊಂದರೆ, ಇವು ಬಹುಕಾಲ ಪಾದರಸ ಉಸಿರಾಡಿದವರಲ್ಲಿ ಕಾಣುವ ಲಕ್ಷಣಗಳು. ಇವುಗಳಲ್ಲಿ ಒಂದನ್ನಾದರೂ ಟ್ಯೂಬ್‌ಲೈಟಿಗೆ ಗಂಟು ಹಾಕಿ ನೋಡುವಷ್ಟು ಪುರಸೊತ್ತು ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಯಾರಿಗಿದೆ? ಇನ್ನು ನೆಲ ನೀರಿನ ಮಾತು. 2011ರ ಜನಗಣತಿಯಲ್ಲೇ ಕರ್ನಾಟಕದಲ್ಲಿ 1.3 ಕೋಟಿಯಷ್ಟು ಮನೆಗಳಿದ್ದವು. ಮನೆಗೊಂದೇ ಸಿಎಫ್‌ಎಲ್ ಎಸೆದರೂ, ತಲಾ 4 ಮಿಲಿಗ್ರಾಂ ಹಿಡಿದರೆ, 50 ಕಿಲೋ ಮೀರಿದ ಪಾದರಸವಾಯಿತು. ಅದು ಮೂಲವಸ್ತು, ಕೊಳೆಯುವುದಿಲ್ಲ, ಸುಟ್ಟರೆ ನಾಶವಾಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ. ಕೆರೆಯ ತಳದ ಕೆಸರಿಗೆ ಸೇರಿದರೆ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಆ ರೂಪ ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಏರುತ್ತಾ ದಟ್ಟವಾಗುತ್ತದೆ. 1956ರಲ್ಲಿ ಜಪಾನಿನ ಮಿನಮಾಟದಲ್ಲಿ ಬೆಳಕಿಗೆ ಬಂದ ರೋಗ ಕೊಲ್ಲಿಯ ಮೀನು ತಿಂದವರ ನರಗಳನ್ನು ಹಿಂಡಿದ್ದು ಇದೇ ರೂಪದಲ್ಲಿ. ಅಲ್ಲಿ ಕಾರ್ಖಾನೆಯೊಂದು ವರ್ಷಗಟ್ಟಲೆ ಸುರಿದ ವಿಷ ಬೇರೆ ಮಟ್ಟದ್ದು, ನಮ್ಮ ಟ್ಯೂಬ್‌ಲೈಟನ್ನು ಅದರ ಪಕ್ಕಕ್ಕೆ ನಿಲ್ಲಿಸುವುದು ಅತಿಯಾದೀತು. ಮೀನಿನ ಮೂಲಕ ಮನುಷ್ಯರನ್ನು ಮುಟ್ಟುವ ದಾರಿ ಮಾತ್ರ ಎರಡಕ್ಕೂ ಒಂದೇ.

ದೂರದ ಜಪಾನಿಗಿಂತ ನಮಗೆ ಹೆಚ್ಚು ಪಾಠ ಹೇಳುವುದು ಪಕ್ಕದ ಕೊಡೈಕೆನಾಲ್. ಅಲ್ಲಿನ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿತು. ಮುಚ್ಚಿಸಿದ ಪ್ರಕರಣ ಶುರುವಾದದ್ದು ಊರೊಳಗಿನ ಒಂದು ಗುಜರಿ ಅಂಗಡಿಯಲ್ಲಿ: ಪಾದರಸ ಮೆತ್ತಿದ ಒಡೆದ ಗಾಜು ಟನ್ನುಗಟ್ಟಲೆ ಅಲ್ಲಿ ಬಿದ್ದಿತ್ತು, ಮಕ್ಕಳು ಓಡಾಡುವ ಜಾಗಕ್ಕೆ ಕೂಗಳತೆಯಲ್ಲಿ. 2003ರಲ್ಲಿ ಪಾದರಸಯುಕ್ತ ತ್ಯಾಜ್ಯವನ್ನು ಹಡಗಿಗೇರಿಸಿ ಅಮೆರಿಕಕ್ಕೆ ಕಳಿಸಬೇಕಾಯಿತು, ಆಗ ಅದನ್ನು ಸುರಕ್ಷಿತವಾಗಿ ಬಟ್ಟಿ ಇಳಿಸುವ ಏರ್ಪಾಡು ನಮ್ಮಲ್ಲಿರಲಿಲ್ಲ. ಹಳೆಯ ಕಾರ್ಮಿಕರಿಗೆ ಒಂದು ಒಪ್ಪಂದ ಆಗುವಷ್ಟರಲ್ಲಿ 2016 ಬಂದಿತ್ತು. ಹೊಗೆಕೊಳವೆ, ಗೇಟು, ಹಾಜರಿ ಪುಸ್ತಕ ಇದ್ದ ಕಾರ್ಖಾನೆಯ ಗಾಜೇ ಗುಜರಿಗೆ ಸೋರಿಹೋದ ಮೇಲೆ, ಗೇಟೇ ಇಲ್ಲದ ಕೋಟಿ ಮನೆಗಳ ಗಾಜು ಎಲ್ಲಿಗೆ ಹೋಗುತ್ತಿದೆ ಎಂದು ಪತ್ತೆ ಹಚ್ಚಲು ಪತ್ತೇದಾರಿ ಬೇಕಿಲ್ಲ.

ಒಡೆಯದಿರುವವರೆಗೆ ಟ್ಯೂಬ್‌ಲೈಟೇ ತನ್ನೊಳಗಿನ ಪಾದರಸಕ್ಕೆ ಒಳ್ಳೆಯ ಪಾತ್ರೆ. ಗಾಜಿನಲ್ಲಿ ಬೆಸೆದು ಮುಚ್ಚಿದ ಕೊಳವೆ ಒಂದು ಕಣವನ್ನೂ ಹೊರಬಿಡದು. ಆದ್ದರಿಂದ ಸುರಕ್ಷಿತ ಸಂಗ್ರಹ ಎಂಬ ದೊಡ್ಡ ಮಾತಿನ ಹುರುಳೆಲ್ಲ ಒಡೆಯದೆ ಇಡುವುದರಲ್ಲಿದೆ. ಹೊಸ ಎಲ್‌ಇಡಿ ಟ್ಯೂಬ್ ಬಂದ ಉದ್ದನೆಯ ರಟ್ಟಿನ ಕವಚವನ್ನು ಬಿಸಾಡದೆ ಹಳೆಯದನ್ನು ಅದರೊಳಗೆ ತೂರಿಸಿ, ಮೇಲೆ ‘ಪಾದರಸ ಇದೆ’ ಎಂದು ಪೆನ್ನಿನಲ್ಲಿ ಬರೆದು, ಭಾರ ಬೀಳದ ಕಡೆ ಅಟ್ಟದ ಮೇಲೆ ಮಲಗಿಸಿದರೆ ಸಾಕು. ಸಿಎಫ್‌ಎಲ್ ಬಿಚ್ಚುವಾಗ ಸುರುಳಿ ಹಿಡಿದು ತಿರುಗಿಸುವುದು ನಮ್ಮ ರೂಢಿ. ಹಿಡಿಯಬೇಕಾದದ್ದು ಕೆಳಗಿನ ಪ್ಲಾಸ್ಟಿಕ್ ಬುಡ, ಅದೂ ತಣ್ಣಗಾದ ಮೇಲೆ. ಜಾಗ ಉಳಿಸಲೆಂದು ಮುರಿದು ಚೀಲಕ್ಕೆ ತುಂಬುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. ಒಡೆದುಹೋದರೆ ಮೊದಲು ಮಕ್ಕಳನ್ನು, ಬೆಕ್ಕು ನಾಯಿಗಳನ್ನು ಹೊರಗೆ ಕಳಿಸಿ, ಫ್ಯಾನ್ ಆರಿಸಿ, ಕಿಟಕಿ ತೆರೆದು ಹತ್ತು ನಿಮಿಷ ಆಚೆ ಇರಬೇಕು. ಆಮೇಲೆ ಬರುವುದೇ ಕಷ್ಟದ ಭಾಗ, ಏಕೆಂದರೆ ಗಾಜು ಒಡೆದರೆ ಪೊರಕೆ, ಆಮೇಲೆ ಬಕೆಟ್ ನೀರು, ನೆಲ ಒರೆಸುವ ಬಟ್ಟೆ ಎಂಬುದು ನಮ್ಮ ಕೈಗಳಿಗೆ ಕಲಿತುಹೋಗಿದೆ. ಪೊರಕೆ ಆ ನುಣ್ಣನೆಯ ಪುಡಿಯನ್ನು ಕೋಣೆಯ ತುಂಬ ಹಾರಿಸುತ್ತದೆ, ವ್ಯಾಕ್ಯೂಮ್ ಕ್ಲೀನರಂತೂ ಬಿಸಿ ಗಾಳಿಯೊಂದಿಗೆ ಊದಿಬಿಡುತ್ತದೆ, ಬಕೆಟ್ ನೀರು ಅದನ್ನು ಬಚ್ಚಲಿಗೆ ಕಳಿಸುತ್ತದೆ. ಎರಡು ಗಟ್ಟಿ ರಟ್ಟುಗಳನ್ನು ಮೊರದಂತೆ ಹಿಡಿದು ಚೂರುಗಳನ್ನು ಎತ್ತಿ, ಉಳಿದ ಪುಡಿಗೆ ಅಂಟು ಟೇಪನ್ನು ಒತ್ತಿ ತೆಗೆದು, ಕೊನೆಗೆ ಒದ್ದೆ ಕಾಗದದಲ್ಲಿ ಒರೆಸಿ, ರಟ್ಟು, ಟೇಪು, ಕಾಗದ ಎಲ್ಲವನ್ನೂ ಉಪ್ಪಿನಕಾಯಿ ಖಾಲಿಯಾದ ಗಾಜಿನ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಬೇಕು. ಪ್ಲಾಸ್ಟಿಕ್ ಚೀಲ ಏಕೆ ಸಾಲದೆಂದರೆ, ಪಾದರಸದ ಆವಿ ಅದರ ಮೂಲಕ ಜಿನುಗುತ್ತದೆ. ಅಮೆರಿಕದ ಮೇನ್ ರಾಜ್ಯದವರು 2008ರಲ್ಲಿ ಬೇಕೆಂದೇ ಬಲ್ಬುಗಳನ್ನು ಒಡೆದು ಅಳೆದಾಗ ಲೋಹದ ಮುಚ್ಚಳದ ಗಾಜಿನ ಜಾಡಿಯೇ ಎಲ್ಲಕ್ಕಿಂತ ಚೆನ್ನಾಗಿ ತಡೆದು ನಿಲ್ಲಿಸಿತು. ಚೂರು ಬಿದ್ದ ಹಾಸಿಗೆ ಹೊದಿಕೆಯನ್ನು ವಾಷಿಂಗ್ ಮೆಷಿನ್ನಿಗೆ ಹಾಕದಿರುವುದು ಲೇಸು.

ಇದನ್ನೆಲ್ಲ ಕೇಳಿ ನಗುವವರಿದ್ದಾರೆ. ಗಾಳಿಪಟದ ಮಾಂಜಾಕ್ಕೆಂದು ಟ್ಯೂಬ್‌ಲೈಟಿನ ಗಾಜನ್ನು ಒರಳಲ್ಲಿ ಕುಟ್ಟಿ, ಬಟ್ಟೆಯಲ್ಲಿ ಜಾಳಿಸಿ, ಅಂಟಿನಲ್ಲಿ ಕಲಸಿ ದಾರಕ್ಕೆ ಸವರಿದ ತಲೆಮಾರುಗಳು ನಮ್ಮಲ್ಲಿ ಆಗಿಹೋಗಿವೆ. ಮೆರವಣಿಗೆಗಳಲ್ಲಿ ಎದೆಗೆ, ಬೆನ್ನಿಗೆ ಟ್ಯೂಬ್ ಒಡೆಸಿಕೊಂಡು ಶಿಳ್ಳೆ ಗಿಟ್ಟಿಸುವ ಹುಡುಗರು ಈಗಲೂ ಇದ್ದಾರೆ. ಯಾರಿಗೆ ಏನಾಯಿತು ಎಂಬ ಪ್ರಶ್ನೆಗೆ ಉತ್ತರ, ಯಾರೂ ನೋಡಲಿಲ್ಲ ಎಂಬುದೇ. ಪಾದರಸ ಹಾವಿನಂತೆ ಕಚ್ಚಿದ ಗುರುತು ಉಳಿಸುವುದಿಲ್ಲ. ನಲವತ್ತಕ್ಕೆ ಕೈ ನಡುಗಿದರೆ ಕುಡಿತ ಎನ್ನುತ್ತೇವೆ, ಸಿಡುಕಿದರೆ ಸ್ವಭಾವ ಎನ್ನುತ್ತೇವೆ. ಏನೂ ಆಗಿಲ್ಲ ಎಂದು ಹೇಳುವ ಹಕ್ಕು ಪರೀಕ್ಷೆ ಮಾಡಿಸಿ ನೋಡಿದವರಿಗೆ ಸಲ್ಲುತ್ತದೆ. ಕುಟ್ಟಿ ಜಾಳಿಸಿದ ಆ ಪುಡಿಯಲ್ಲಿ ಏನಿತ್ತು ಎಂಬುದು ಗೊತ್ತಿರುವಾಗ ಪರೀಕ್ಷೆಗೆ ಕಾಯುವ ಅಗತ್ಯವೂ ನನಗೆ ಕಾಣುವುದಿಲ್ಲ.

ಕಾನೂನು ಇಲ್ಲವೆಂದು ದೂರುವಂತಿಲ್ಲ, ಕಾಗದದ ಮೇಲೆ ಅದು ಸೊಗಸಾಗಿದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಸಿಎಫ್‌ಎಲ್ ಮತ್ತು ಟ್ಯೂಬ್‌ಲೈಟುಗಳನ್ನು ಹೆಸರಿಟ್ಟು ಗೃಹಬಳಕೆಯ ಅಪಾಯಕಾರಿ ತ್ಯಾಜ್ಯದ ಪಟ್ಟಿಗೆ ಸೇರಿಸಿದವು. ಪ್ರತಿ 20 ಚದರ ಕಿಲೋಮೀಟರಿಗೆ ಒಂದರಂತೆ ಅವನ್ನು ಸ್ವೀಕರಿಸುವ ಕೇಂದ್ರ ತೆರೆದು, ಅದರ ವೇಳೆಯನ್ನು ಪ್ರಕಟಿಸಬೇಕೆಂದವು. 700 ಚದರ ಕಿಲೋಮೀಟರ್ ಮೀರಿ ಹರಡಿರುವ ಬೆಂಗಳೂರಿಗೆ ಆ ಲೆಕ್ಕದಲ್ಲಿ ಕನಿಷ್ಠ 35 ಕೇಂದ್ರ ಬೇಕು. ನಿಮ್ಮ ಮನೆಗೆ ಹತ್ತಿರದ್ದು ಎಲ್ಲಿದೆ, ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ಬೀದಿಯಲ್ಲಿ ಹತ್ತು ಜನರನ್ನು ಕೇಳಿದರೆ ನಿಯಮದ ಬಾಳ್ವೆ ತಿಳಿಯುತ್ತದೆ. ಅದೇ ವರ್ಷದ ಇ-ತ್ಯಾಜ್ಯ ನಿಯಮಗಳು ಈ ದೀಪಗಳನ್ನು ತಯಾರಕರ ಹೊಣೆಗೂ ಒಪ್ಪಿಸಿದವು, ಮರುಬಳಕೆ ಘಟಕ ಸಿಗದ ಕಡೆ ಪಾದರಸವನ್ನು ಅಲುಗದಂತೆ ಕಟ್ಟಿಹಾಕಿದ ಮೇಲೆಯೇ ಅಪಾಯಕಾರಿ ತ್ಯಾಜ್ಯದ ಭೂಭರ್ತಿಗೆ ಕಳಿಸಬೇಕೆಂದೂ ವಿಧಿಸಿದವು. ಹಾಗೆ ಕಟ್ಟಿಹಾಕುವ, ಇಲ್ಲವೇ ಹೊರಗೆ ಗಾಳಿ ಹೋಗದಂತೆ ಒಳಕ್ಕೆಳೆಯುವ ಯಂತ್ರದಲ್ಲಿ ಟ್ಯೂಬ್ ಪುಡಿ ಮಾಡಿ, ಗಾಜು, ಲೋಹ ಬೇರ್ಪಡಿಸಿ, ಪುಡಿಯನ್ನು ಕಾಯಿಸಿ ಪಾದರಸ ಬಟ್ಟಿ ಇಳಿಸುವ ತಂತ್ರ ಗೊತ್ತಿಲ್ಲದ್ದೇನಲ್ಲ. ಟ್ಯೂಬು ಮನೆಯಿಂದ ಅಲ್ಲಿಯವರೆಗೆ ಇಡಿಯಾಗಿ ಹೋಗುವುದಿಲ್ಲ, ತೊಡಕು ಅಷ್ಟೇ. ಬರುವಾಗ ಎಷ್ಟು ಅಚ್ಚುಕಟ್ಟಾಗಿ ಬಂದಿತ್ತು ನೋಡಿ. 2004ರ ಕೊನೆಯಲ್ಲಿ ಬೆಸ್ಕಾಂ ಬೆಂಗಳೂರಿನಲ್ಲಿ ಸಿಎಫ್‌ಎಲ್ ಹಂಚುವ ಯೋಜನೆ ಶುರುಮಾಡಿದಾಗ ಬಲ್ಬಿನ ದುಡ್ಡನ್ನು ಕರೆಂಟ್ ಬಿಲ್ಲಿನೊಂದಿಗೇ ಕಂತಿನಲ್ಲಿ ಕಟ್ಟುವ ಅನುಕೂಲವಿತ್ತು. ಮನೆಮನೆಗೆ ಬಲ್ಬ್ ತಲುಪಿಸಲು ಅಷ್ಟು ಬುದ್ಧಿ ಓಡಿತು, ವಾಪಸ್ಸು ತರಿಸಲು ಓಡಲಿಲ್ಲ.

ಬೇರೆ ದೇಶದವರು ಈ ವಿಷಯದಲ್ಲಿ ಏನು ಮಾಡಿದರೆಂಬುದು ಗಮನಿಸುವಂಥದ್ದು. ಅಮೆರಿಕದಲ್ಲಿ ಅಪಾಯಕಾರಿ ತ್ಯಾಜ್ಯದ ಪೂರ್ಣ ನಿಯಮ ಹೇರಿದರೆ ಅಂಗಡಿ, ಕಚೇರಿಗಳು ದೀಪಗಳನ್ನು ಕದ್ದು ಬಿಸಾಡುತ್ತವೆಂದು ಕಂಡು 1999ರಲ್ಲಿ ಅವನ್ನು ಹಗುರ ನಿಯಮದ ವರ್ಗಕ್ಕೆ ಸೇರಿಸಿದರು: ಮುಚ್ಚಿದ ಪೆಟ್ಟಿಗೆ, ಮೇಲೊಂದು ಚೀಟಿ, ಒಂದು ವರ್ಷದೊಳಗೆ ಸಾಗಣೆ, ಅಷ್ಟೆ. ಐರೋಪ್ಯ ಒಕ್ಕೂಟ 2012ರಲ್ಲಿ ದೊಡ್ಡ ವಿದ್ಯುತ್ ಸಾಮಾನಿನ ಅಂಗಡಿಗಳು 25 ಸೆಂಟಿಮೀಟರಿಗಿಂತ ಚಿಕ್ಕ ಹಳೆ ಉಪಕರಣಗಳನ್ನು, ಏನನ್ನೂ ಕೊಳ್ಳದಿದ್ದರೂ, ಪುಕ್ಕಟೆ ತೆಗೆದುಕೊಳ್ಳಬೇಕೆಂದಿತು. ಎರಡರಲ್ಲೂ ಒಂದೇ ವಿವೇಕವಿದೆ: ವಸ್ತು ಅಪಾಯಕಾರಿ ಎಂದ ಮಾತ್ರಕ್ಕೆ ಹಿಂದಿರುಗಿಸುವ ಕೆಲಸವನ್ನು ಕಠಿಣ ಮಾಡಬಾರದು.

ಕಲ್ಲಿದ್ದಲಿನ ವಾದ ಒಂದು ಉಳಿದಿದೆ. ಕಲ್ಲಿದ್ದಲಿನಲ್ಲೂ ಪಾದರಸವಿದೆ, ರಾಯಚೂರು, ಬಳ್ಳಾರಿಗಳ ಶಾಖೋತ್ಪನ್ನ ಸ್ಥಾವರಗಳ ಚಿಮಣಿಯಿಂದ ಅದು ಹೊರಬೀಳುತ್ತದೆ, ಹಳೆಯ ಬುರುಡೆ ಬಲ್ಬಿಗೆ ಹೋಲಿಸಿದರೆ ಸಿಎಫ್‌ಎಲ್ ಉಳಿಸಿದ ವಿದ್ಯುತ್ತೇ ಅದಕ್ಕಿಂತ ಹೆಚ್ಚು ಪಾದರಸ ತಡೆಯಿತು ಎನ್ನುತ್ತಾರೆ. ಸಿಎಫ್‌ಎಲ್ ಕೊಳ್ಳಬೇಕೇ ಬೇಡವೇ ಎಂಬ ಚರ್ಚೆಗೆ ಅದು ಸರಿಯಾದ ಉತ್ತರವಾಗಿತ್ತು. ಹೇಗೆ ಬಿಸಾಡಬೇಕು ಎಂಬುದಕ್ಕೆ ಅಲ್ಲ: ಚಿಮಣಿಯಲ್ಲಿ ಉಳಿಸಿದ ಪುಣ್ಯವನ್ನು ಗುಜರಿ ಶೆಡ್ಡಿನ ಹುಡುಗನ ಖಾತೆಗೆ ಜಮಾ ಮಾಡಲು ಬರುವುದಿಲ್ಲ. ಎಲ್‌ಇಡಿ ಬಂದಾಯಿತು, ಇನ್ನೇಕೆ ಈ ತಲೆನೋವು ಎನ್ನುವ ಮಾತಿಗೆ ತೂಕ ಹೆಚ್ಚು. 2015ರಿಂದ ಉಜಾಲಾ ಯೋಜನೆಯಲ್ಲಿ ಹಂಚಿದ ಎಲ್‌ಇಡಿ ಬಲ್ಬುಗಳೇ 36 ಕೋಟಿ ದಾಟಿವೆ. ಪಾದರಸಕ್ಕೆ ಕಡಿವಾಣ ಹಾಕುವ ಮಿನಮಾಟ ಒಪ್ಪಂದದ ದೇಶಗಳು (2018ರಲ್ಲಿ ಅನುಮೋದಿಸಿದ ಭಾರತವೂ ಅವುಗಳಲ್ಲೊಂದು) 2023ರ ನವೆಂಬರಿನಲ್ಲಿ ಜಿನೀವಾದಲ್ಲಿ ಸೇರಿ ಸಾಮಾನ್ಯ ಬಳಕೆಯ ಫ್ಲೋರೊಸೆಂಟ್ ದೀಪಗಳ ತಯಾರಿಕೆ ಮತ್ತು ವ್ಯಾಪಾರವನ್ನು 2027ರೊಳಗೆ ನಿಲ್ಲಿಸಲು ಒಪ್ಪಿದವು. ಆದರೆ ತಯಾರಿಕೆ ನಿಂತ ದಿನ ತ್ಯಾಜ್ಯ ನಿಲ್ಲುವುದಿಲ್ಲ, ಉಕ್ಕುತ್ತದೆ. ಒಂದೊಂದಾಗಿ ಸಾಯುತ್ತಿದ್ದ ಟ್ಯೂಬುಗಳನ್ನು ಶಾಲೆ, ಬ್ಯಾಂಕು, ಗಾರ್ಮೆಂಟ್ ಕಾರ್ಖಾನೆ, ಕಲ್ಯಾಣ ಮಂಟಪಗಳು ಒಂದೇ ವಾರದಲ್ಲಿ ನೂರರ ಲೆಕ್ಕದಲ್ಲಿ, ಇನ್ನೂ ಉರಿಯುತ್ತಿರುವಾಗಲೇ, ಕಳಚಿ ಕೆಳಗಿಡುತ್ತಿವೆ. ಅಡುಗೆಮನೆಯ ಗೋಡೆಗೆ ನೇತುಹಾಕಿದ ನೀರಿನ ಪ್ಯೂರಿಫೈಯರಿನ ಅತಿನೇರಳೆ ದೀಪ ಕೂಡ ಸಾಮಾನ್ಯವಾಗಿ ಪಾದರಸದ್ದೇ, ಅದನ್ನು ಬದಲಿಸಿದ ಸರ್ವಿಸ್ ಹುಡುಗ ಹಳೆಯದನ್ನು ಏನು ಮಾಡುತ್ತಾನೆಂದು ನಾವು ಕೇಳುವುದೇ ಇಲ್ಲ.

ಕೊನೆಗೆ ಉಳಿಯುವುದು ದುಡ್ಡಿನ ಪ್ರಶ್ನೆ. ಲಾಭವಿಲ್ಲದ ವಸ್ತುವನ್ನು ಹೊತ್ತು ತರುವ ಖರ್ಚು ಯಾರದ್ದು? ಮಾರುವಾಗಲೇ ಹತ್ತಿಪ್ಪತ್ತು ರೂಪಾಯಿ ಠೇವಣಿ ಹಿಡಿದು, ಇಡಿಯಾಗಿ ತಂದವರಿಗೆ ಹಿಂದಿರುಗಿಸುವ ಪದ್ಧತಿ ಮಾಡಿದ್ದರೆ ಈ ಹೊತ್ತಿಗೆ ಗುಜರಿಯವರೇ ಟ್ಯೂಬನ್ನು ಮೊಟ್ಟೆಯಂತೆ ಜೋಪಾನ ಮಾಡುತ್ತಿದ್ದರು. ಹೊಸ ಟ್ಯೂಬ್ ಮಾರಾಟವೇ ನಿಲ್ಲುವ ಕಾಲಕ್ಕೆ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದೆ. ತೆರೆದಿರುವುದು ಎಲ್‌ಇಡಿಗೆ ಬದಲಾಯಿಸುವ ಗುತ್ತಿಗೆಯ ಬಾಗಿಲು. ಪಂಚಾಯಿತಿ ಕಚೇರಿಯೇ ಇರಲಿ, ಅಪಾರ್ಟ್‌ಮೆಂಟ್ ಸಂಘವೇ ಇರಲಿ, ಕಾಲೇಜೇ ಇರಲಿ, ಹೊಸ ದೀಪಕ್ಕೆ ಕೊಟೇಶನ್ ಕರೆಯುವಾಗ ಹಳೆ ಟ್ಯೂಬುಗಳ ಸಾಗಣೆ ಮತ್ತು ಸಂಸ್ಕರಣೆಯ ಖರ್ಚನ್ನೂ ಅದೇ ಕಾಗದದಲ್ಲಿ ಒಂದು ಸಾಲಾಗಿ ಕೇಳಬಹುದು. ಕಳಚಿದ ಟ್ಯೂಬುಗಳನ್ನು ಎಣಿಸಿ ಪೆಟ್ಟಿಗೆಗೆ ಹಾಕಿಸಿ, ಆ ಎಣಿಕೆಗೆ ತಾಳೆಯಾಗುವ ರಸೀತಿಯನ್ನು ಅಧಿಕೃತ ಘಟಕದಿಂದ ತಂದುಕೊಟ್ಟ ಮೇಲೆ ಗುತ್ತಿಗೆದಾರರ ಕೊನೆಯ ಕಂತಿನ ಚೆಕ್ಕಿಗೆ ಸಹಿ ಹಾಕಬಹುದು. ಅಕ್ಕಪಕ್ಕದ ಬೀದಿಯವರು ಅಟ್ಟದ ಮೇಲಿರಿಸಿದ ಒಂದೆರಡು ಟ್ಯೂಬುಗಳೂ ಅದೇ ಪೆಟ್ಟಿಗೆಯಲ್ಲಿ ಹಿಡಿಸುತ್ತವೆ.